ಮೊಲಕ್ಕೆ ನಾಲ್ಕು ಕಾಲು, ಹುಳಕ್ಕೆ ಒಂದೂ ಇಲ್ಲ

ಜಗಳಕ್ಕೆ ಕಾರಣವಾದದ್ದು ಒಂದು ಕಂಬಳಿ ಹಾಸುವಷ್ಟು ಜಾಗ. ಮಾದನಹಿಪ್ಪರಗಾದ ಕಲ್ಯಾಣಪ್ಪನ ಎಂಟು ಎಕರೆ ಹೊಲದಲ್ಲಿ ಕಡಲೆ ಗಿಡಗಳು ಕಾಯಿ ಕಟ್ಟಿ, ನೋಡಿದವರ ಕಣ್ಣು ತಂಪಾಗುವಂತೆ ನಿಂತಿದ್ದವು. ಬದುವಿಗೆ ಹತ್ತಿಕೊಂಡ ಆ ಕಂಬಳಿಯಷ್ಟು ಜಾಗದಲ್ಲಿ ಮಾತ್ರ ಗಿಡಗಳು ಗೇಣುದ್ದಕ್ಕೇ ನಿಂತು, ಕಾಮಾಲೆ ಹಿಡಿದವರ ಹಾಗೆ ಹಳದಿಯಾಗಿದ್ದವು. ಚೆನ್ನಾಗಿದ್ದ ಎಂಟು ಎಕರೆ ಕಲ್ಯಾಣಪ್ಪನ ಕಣ್ಣಿಗೆ ಒಂದು ದಿನವೂ ಬೀಳಲಿಲ್ಲ. ಬೆಳಿಗ್ಗೆ ಎದ್ದರೆ ಅವನಿಗೆ ಕಾಣುತ್ತಿದ್ದದ್ದು ಆ ಕಂಬಳಿ ಒಂದೇ.

ಬದುವಿನ ಆಚೆ ಬುರಾನುದ್ದೀನನ ಹೊಲ. ಅದರ ಮೂಲೆಯಲ್ಲಿ ಜಾಲಿ ಕಂಟಿಯ ಒಂದು ಪೊದೆ, ಪೊದೆಯಲ್ಲಿ ಒಂದು ಮೊಲ. ಕಲ್ಯಾಣಪ್ಪನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ನಿಮ್ಮ ಮೊಲ ನನ್ನ ಕಡಲಿ ಮೇಯಾಕತ್ತದ. ಕಂಟಿ ಕಡಸ್ರಿ" ಎಂದ.

"ನನ್ನ ಮೊಲ ಅಂತ ಅದರ ಕಿವಿ ಮ್ಯಾಲ ಬರದದ ಏನ್ರಿ?" ಎಂದು ಬುರಾನುದ್ದೀನ ಕೇಳಿದ. "ನಿಮ್ಮ ಮಣ್ಣಾಗ ಹುಳ ಬಿದ್ದದ. ಅದನ್ನ ಬಿಟ್ಟು ನಮ್ಮ ಮೊಲದ ಮ್ಯಾಲ ಯಾಕ ಬರ್ತೀರಿ?"

ಮೊಲ ಎಂದರೆ ಬುರಾನುದ್ದೀನನ ತಪ್ಪು, ಹುಳ ಎಂದರೆ ಕಲ್ಯಾಣಪ್ಪನ ಭೂಮಿಗೆ ರೋಗ. ಅಪ್ಪ ತಾತ ಗೊಬ್ಬರ ಹೊತ್ತು ಹಾಕಿ ಹದ ಮಾಡಿದ ಮಣ್ಣಿಗೆ ಹುಳ ಬಿದ್ದಿದೆ ಎನ್ನಿಸಿಕೊಳ್ಳುವುದು ಕಲ್ಯಾಣಪ್ಪನಿಗೆ ಮನೆತನಕ್ಕೇ ಹುಳ ಬಿದ್ದಿದೆ ಎಂದಂತೆ ಕೇಳಿತು. ಇಪ್ಪತ್ತೆರಡು ವರ್ಷ ಎಳ್ಳ ಅಮಾವಾಸ್ಯೆಗೆ ಒಂದೇ ಬದುವಿನ ಮೇಲೆ ಒಂದೇ ಜಮಖಾನೆ ಹಾಸಿ ಉಂಡ ಇಬ್ಬರೂ ಮಾತು ಬಿಟ್ಟರು.

ಇವರ ನಡುವೆ ಸಿಕ್ಕಿಬಿದ್ದವನು ಗ್ರಾಮಸೇವಕ ಚಂದ್ರಾಮಪ್ಪ. ತಿಂಗಳ ಹಿಂದೆ ಆ ಗಿಡಗಳನ್ನು ಬದುವಿನ ಮೇಲಿಂದಲೇ ನೋಡಿ, "ಬೇರಿಗೆ ಗಂಟುಹುಳ ಹತ್ತಿರಬಹುದೇನೋ" ಎಂದು ಮೆಲ್ಲಗೆ ಅಂದದ್ದೇ ಅವನ ತಪ್ಪು. ಬುರಾನುದ್ದೀನ ಆ ಮಾತನ್ನು ಹಿಡಿದುಕೊಂಡು ಊರಿಗೆಲ್ಲ ಹಂಚಿದ. ಕಲ್ಯಾಣಪ್ಪ ಆಳಂದದ ಕೃಷಿ ಅಧಿಕಾರಿಗಳಿಗೆ ಅರ್ಜಿ ಗುಜರಾಯಿಸಿದ. 'ನಮ್ಮ ಗ್ರಾಮಸೇವಕರು ಮೊಲದ ಪರವಾಗಿದ್ದಾರೆ' ಎಂಬುದು ಅದರ ಮೊದಲನೆಯ ಸಾಲು.

ಬೇರೆ ಸಮಯವಾಗಿದ್ದರೆ ಚಂದ್ರಾಮಪ್ಪ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅವನ ಹೆಂಡತಿ ಹೀರಾಬಾಯಿ ಜೇವರ್ಗಿಯಲ್ಲಿ ಶಾಲೆಯ ಟೀಚರು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು, ಕೂಡಿ ಕಳೆದ ದಿನಗಳೆಲ್ಲ ಸೇರಿದರೆ ಎರಡು ತಿಂಗಳೂ ಆಗುತ್ತಿರಲಿಲ್ಲ. ಜೇವರ್ಗಿಗೆ ವರ್ಗ ಬೇಕೆಂದು ಅವನು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಕೂರಲು ಒಂದು ಮಣೆ ಆಗುತ್ತಿತ್ತು. ಕೊನೆಗೆ ಎಂಬತ್ನಾಲ್ಕರ ಎಳ್ಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅಧಿಕಾರಿ ಮಹಾದೇವಪ್ಪನವರ ಚೀಟಿ ಬಂತು:

'ನಿನ್ನ ವರ್ಗದ ಆದೇಶ ನನ್ನ ಚೀಲದಲ್ಲಿದೆ. ಅಮಾವಾಸ್ಯೆಯ ಮಧ್ಯಾಹ್ನ ಕಲ್ಯಾಣಪ್ಪನ ಹೊಲಕ್ಕೆ ಊಟಕ್ಕೆ ಬರುತ್ತೇನೆ. ತಕರಾರಿಲ್ಲವೆಂದು ಇಬ್ಬರೂ ಸಹಿ ಮಾಡಿಕೊಟ್ಟರೆ ಅಲ್ಲೇ ನಿನ್ನನ್ನು ಬಿಡುಗಡೆ ಮಾಡುತ್ತೇನೆ. ಇಲ್ಲವಾದರೆ ಜೇವರ್ಗಿಗೆ ಇನ್ನೂ ಮೂವರು ಕಾದಿದ್ದಾರೆ.'

ಅದೇ ದಿನ ಹೀರಾಬಾಯಿಯ ಕಾಗದವೂ ಬಂತು. ಎರಡು ಕೋಣೆಯ ಮನೆ ಹಿಡಿದಿದ್ದಾಳಂತೆ, ಬತ್ತಿ ಸ್ಟೋವು ತಂದಿದ್ದಾಳಂತೆ. 'ಸಂಕ್ರಾಂತಿಯ ಒಳಗೆ ಬರದಿದ್ದರೆ ನಾನೊಬ್ಬಳೇ ಹಾಲು ಉಕ್ಕಿಸಿ ನಾನೊಬ್ಬಳೇ ಕುಡಿಯುತ್ತೇನೆ' ಎಂದು ಕೊನೆಗೆ ಬರೆದಿದ್ದಳು. ಚಂದ್ರಾಮಪ್ಪ ಆ ಸಾಲನ್ನು ಹತ್ತು ಸಲ ಓದಿದ. ಹೆಂಡತಿಯ ಮೇಲೆ ಅವನಿಗೆ ಬಹಳ ಜೀವ.

ಎಳ್ಳ ಅಮಾವಾಸ್ಯೆಯ ದಿನ ಆ ಸೀಮೆಯಲ್ಲಿ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬುತ್ತಿಯ ಅಡುಗೆಯನ್ನೇ ಚರಗವೆಂದು ಬೆಳೆಗೆ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಅಂದು ಹಾದಿಯಲ್ಲಿ ಹೋಗುವವನನ್ನು ಉಣಿಸದೆ ಬಿಟ್ಟರೆ ಹೊಲದವನಿಗೆ ಅವಮಾನ, ಉಣ್ಣದೆ ಹೋದರೆ ಹೋಗುವವನು ಸೊಕ್ಕಿನವನು. ಚಂದ್ರಾಮಪ್ಪ ಒಂದು ಬಿಳಿ ಕಾಗದ, ಒಂದು ಪೆನ್ನು ಜೇಬಿನಲ್ಲಿಟ್ಟುಕೊಂಡು ಹತ್ತು ಗಂಟೆಗೇ ಹೊರಟ.

ಕಲ್ಯಾಣಪ್ಪ ಅವನನ್ನು ಕೂರಿಸಿ ಮೊದಲು ಬಿಚ್ಚಿದ್ದು ಬುತ್ತಿಯನ್ನಲ್ಲ, ಕರ್ಚೀಫನ್ನು.

"ಇದೇನ್ರಿ?"

"ಮೊಲದ ಹಿಕ್ಕಿ. ನಲವತ್ತೊಂದು ಅದಾವ. ನಾನೇ ಆರಿಸೀನಿ. ಇನ್ನೂ ಹುಳ ಅಂತೀರೇನು?"

"ಉಣ್ಣೋ ಹೊತ್ತಿನಾಗ ಅದನ್ನ ಬಿಚ್ಚಬ್ಯಾಡ್ರಿ ಅಂದ್ರ ಕೇಳಂಗಿಲ್ಲ ಇವ್ರು" ಎಂದು ಅವನ ಹೆಂಡತಿ ಗುರುಬಾಯಿ ಕರ್ಚೀಫನ್ನು ಕಾಲಿನಿಂದ ಅತ್ತ ಸರಿಸಿ, ಸಜ್ಜಿ ರೊಟ್ಟಿ, ಕಾಳು ಸೊಪ್ಪು ಬೆರೆಸಿದ ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ ಬಡಿಸಿದಳು. "ಉಣ್ರಿ ಸಾಹೇಬ್ರ. ನ್ಯಾಯ ಆಮ್ಯಾಲ."

ಚಂದ್ರಾಮಪ್ಪ ಉಂಡ. ಹೋಳಿಗೆ ಬಾಯಲ್ಲಿ ಇರುವಾಗ ಹುಳದ ಮಾತು ಎತ್ತುವುದು ಸರಿಯಲ್ಲ ಎಂದು ಮೂರು ಹೋಳಿಗೆಯವರೆಗೂ ಸುಮ್ಮನಿದ್ದ. ನಾಲ್ಕನೆಯದು ಎಲೆಗೆ ಬೀಳುವಷ್ಟರಲ್ಲಿ ಬದುವಿನ ಆಚೆಯಿಂದ ಕೂಗು ಬಂತು.

"ಸಾಹೇಬ್ರ! ಬಡವರ ಹೊಲಕ್ಕೂ ಬರ್ರಿ! ಹುಳ ಅಂತ ಖರೇ ಹೇಳಿದವ್ರು ನೀವೊಬ್ರೇ!"

ಕಲ್ಯಾಣಪ್ಪನ ಮುಖ ಗಂಟಾಯಿತು. ಆಚೆ ಹೋಗದಿದ್ದರೆ ಅಲ್ಲಿಯ ಸಹಿ ಹೋಗುತ್ತದೆ. ಚಂದ್ರಾಮಪ್ಪ ಕೈ ತೊಳೆದುಕೊಂಡು ಬದು ದಾಟಿದ.

ಬುರಾನುದ್ದೀನನ ಹೆಂಡತಿ ನಜಮುನ್ನಿಸಾ ತಟ್ಟೆ ತುಂಬಿ ಇಟ್ಟು, "ಪ್ರತಿ ವರ್ಷ ಗುರುಬಾಯಿ ಅಕ್ಕ ಹೋಳಿಗಿ ಕೊಡ್ತಿದ್ರು. ಈ ಸಲ ನಾನೇ ಮಾಡೀನಿ, ಒಂದೂ ದುಂಡಗ ಆಗಿಲ್ಲ. ಬ್ಯಾಡ ಅನಬ್ಯಾಡ್ರಿ" ಎಂದಳು. ಅವಳ ಕಣ್ಣು ಬದುವಿನ ಆಚೆಗೇ ಇತ್ತು. ಹೋಳಿಗೆಗಳಲ್ಲಿ ಒಂದು ಆಳಂದ ತಾಲೂಕಿನ ನಕ್ಷೆಯಂತಿತ್ತು. ಚಂದ್ರಾಮಪ್ಪ ಅದನ್ನೂ ತಿಂದ. ತಿಂದಾದ ಮೇಲೆ ಕಾಗದ ತೆಗೆದ.

"ಬುರಾನಭಾಯಿ, ತಕರಾರಿಲ್ಲ ಅಂತ ಒಂದು ಸಹಿ..."

"ಕಲ್ಯಾಣಪ್ಪಣ್ಣ ಮೊದಲ ಮಾಡ್ಲಿ. ತಕರಾರು ಎಬ್ಬಿಸಿದವ್ರು ಅವ್ರು."

ಚಂದ್ರಾಮಪ್ಪ ಮತ್ತೆ ಈಚೆ ಬಂದ. ಕಲ್ಯಾಣಪ್ಪ ಬೇರೆ ಕಡೆ ಮುಖ ಮಾಡಿ ಕೂತಿದ್ದ. "ಅಲ್ಲಿ ಹೊಟ್ಟಿ ತುಂಬ ಉಂಡ್ರಿ, ಇಲ್ಲಿ ಎಲಿ ಬಿಟ್ಟು ಎದ್ರಿ. ನಿಮ್ಮ ಮನಸು ಯಾ ಕಡಿ ಅದ ಅಂತ ತಿಳೀತು."

ಮನಸ್ಸು ಈ ಕಡೆಗೇ ಇದೆ ಎಂದು ತೋರಿಸಲು ಚಂದ್ರಾಮಪ್ಪ ಮತ್ತೆ ಎಲೆಯ ಮುಂದೆ ಕೂರಬೇಕಾಯಿತು. ಈ ಸಲ ಪ್ಯಾಂಟಿನ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟ. ಗುರುಬಾಯಿ ಕಡುಬು ಬಡಿಸುತ್ತ ಮೆಲ್ಲಗೆ ಕೇಳಿದಳು: "ನಜಮಾ ಮಾಡಿದ ಹೋಳಿಗಿ ಹ್ಯಾಂಗಾಗಿತ್ರಿ?"

"ನಿಮ್ಮಷ್ಟು ಹದ ಇಲ್ರಿ."

"ಹೆಂಗ ಬರ್ತದ? ಇಪ್ಪತ್ತೆರಡು ವರ್ಷ ನಾನು ಮಾಡಾಕ ಬಿಟ್ಟಿಲ್ಲ ಅಕಿಗಿ" ಎಂದು ಗುರುಬಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಕಲ್ಯಾಣಪ್ಪನ ಸೋದರತ್ತೆ ಮಲ್ಕಮ್ಮ ಕೋಲೂರಿಕೊಂಡು ಬಂದಳು. ಯಾರ ಹೊಲದಲ್ಲಿ ಜಗಳವಿದ್ದರೂ ಅಲ್ಲಿಗೆ ನಡೆದು ಹೋಗುವ ಶಕ್ತಿ ಮುದುಕಿಯ ಕಾಲುಗಳಲ್ಲಿತ್ತು. ಅವಳ ಹಿಂದೆ ಸುತ್ತಲ ಹೊಲಗಳಲ್ಲಿ ಉಂಡು, ಇನ್ನೇನು ಮಾಡುವುದು ಎಂದು ತೋಚದೆ ಕೂತಿದ್ದವರೆಲ್ಲ ಬಂದರು.

"ಇಬ್ರೂ ಬಾಯಿ ಮಾಡಬ್ಯಾಡ್ರಿ" ಎಂದಳು ಮಲ್ಕಮ್ಮ. "ಕಲ್ಯಾಣಿ, ನೀ ನಿನ್ನ ಮೊಲ ತೋರ್ಸು. ಸಾಹೇಬ್ರ, ನೀವು ನಿಮ್ಮ ಹುಳ ತೋರಸ್ರಿ. ಯಾವುದು ಕಾಣ್ತದೋ ಅದೇ ಕಳ್ಳ."

"ಅಜ್ಜಿ, ಹುಳ ಕಣ್ಣಿಗಿ ಕಾಣಂಗಿಲ್ರಿ. ಕೂದಲಕಿಂತ ಸಣ್ಣ ಇರ್ತದ. ಬೇರಿನ ಒಳಗ ಇರ್ತದ."

ಜನ ಗೊಳ್ಳೆಂದು ನಕ್ಕರು. "ಕಾಣದ ಹುಳ ನಿಮಗೊಬ್ರಿಗೇ ಹ್ಯಾಂಗ ಕಾಣ್ತು?" ಎಂದು ಯಾರೋ ಕೇಳಿದರು. ಕಲ್ಯಾಣಪ್ಪನಿಗೆ ಹುರುಪು ಬಂತು. ನಾಲ್ಕು ಜನರನ್ನು ಕರೆದು, ಊಟದ ತಾಟುಗಳನ್ನೇ ಬಡಿಯುತ್ತ ಪೊದೆಗೆ ನುಗ್ಗಿದ. "ನನ್ನ ಕಂಟಿಗಿ ಕೈ ಹಚ್ಚಿದ್ರ ನೋಡ್ರಿ!" ಎಂದು ಬುರಾನುದ್ದೀನ ಇನ್ನೊಂದು ಕಡೆಯಿಂದ ಓಡಿ ಬಂದ. ಚಂದ್ರಾಮಪ್ಪ ಇಬ್ಬರನ್ನೂ ತಡೆಯಲು ಬದುವಿನ ಮೇಲೆ ಎದ್ದು ನಿಂತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈ ಎತ್ತಿ, "ಶಾಂತಿ! ಶಾಂತಿ!" ಎಂದು ಕೂಗಿದ.

ಮೊಲ ಹೊರಬಿತ್ತು. ತಾಟಿನ ಸದ್ದಿಗೆ ದಿಕ್ಕುಗೆಟ್ಟು, ಕಿವಿ ಹಿಂದಕ್ಕೆ ಮಡಚಿ, ಬಾಣದ ಹಾಗೆ ಬಂದು ಚಂದ್ರಾಮಪ್ಪನ ಎರಡು ಕಾಲಿನ ನಡುವೆಯೇ ನುಗ್ಗಿತು. ಅವನು "ಅಯ್ಯಯ್ಯೋ" ಎಂದು ಹಾರಿ, ಅಂಬಲಿಯ ಗಡಿಗೆಗೆ ಕಾಲು ತಾಗಿಸಿ, ಮೂರು ಊಟದ ಭಾರದೊಂದಿಗೆ ಹಿಂದಕ್ಕೆ ಬಿದ್ದ. ಬಿದ್ದದ್ದು ನೇರವಾಗಿ ಆ ಕಂಬಳಿಯಷ್ಟು ಜಾಗದಲ್ಲಿ. ಆಸರೆಗೆ ಸಿಕ್ಕದ್ದನ್ನು ಹಿಡಿದ, ಹಿಡಿದದ್ದೆಲ್ಲ ಕಿತ್ತು ಬಂತು. ಮೊಲ ಅವನ ಹೊಟ್ಟೆಯ ಮೇಲೊಂದು ಹೆಜ್ಜೆಯಿಟ್ಟು, ಹಳದಿ ಗಿಡಗಳನ್ನು ದಾಟಿ, ನಾಲ್ಕು ಹೊಲದಾಚೆ ಮಾಯವಾಯಿತು.

ಜನ ನಕ್ಕು ನಕ್ಕು ಕುಕ್ಕರಿಸಿದರು. ಚಂದ್ರಾಮಪ್ಪ ಮೈಯೆಲ್ಲ ಅಂಬಲಿಯಾಗಿ ಎದ್ದು ಕೂತ. ಅವನ ಎರಡು ಮುಷ್ಟಿಯಲ್ಲೂ ಕಡಲೆ ಗಿಡಗಳಿದ್ದವು, ಬೇರು ಸಮೇತ. ಬೇರುಗಳ ತುಂಬ ಗಂಟು.

ಅವನಿಗೆ ನೋವು ಮರೆತೇ ಹೋಯಿತು. "ಅಜ್ಜಿ, ನೋಡ್ರಿ!"

"ಗಂಟು ಎಲ್ಲಾ ಕಡಲಿ ಬೇರಿಗೂ ಇರ್ತಾವ" ಎಂದ ಕಲ್ಯಾಣಪ್ಪ. ಅದೂ ಸುಳ್ಳಲ್ಲ. ಚಂದ್ರಾಮಪ್ಪ ಚೆನ್ನಾಗಿದ್ದ ಕಡೆಯ ಒಂದು ಗಿಡ ಕಿತ್ತು, ಎರಡನ್ನೂ ಮಲ್ಕಮ್ಮನ ಕೈಗೆ ಕೊಟ್ಟ.

"ಹೆಬ್ಬೆರಳಲೆ ಒತ್ತಿ ತಿಕ್ಕಿ ನೋಡ್ರಿ. ಒಳ್ಳೆ ಗಂಟು ಉದುರ್ತದ, ಅದು ಗಿಡಕ್ಕ ಗೊಬ್ಬರ ಮಾಡಿಕೊಡ್ತದ. ಹುಳದ ಗಂಟು ಉದುರಂಗಿಲ್ಲ, ಬೇರೇ ಬಾತಿರ್ತದ."

ಮಲ್ಕಮ್ಮ ತಿಕ್ಕಿದಳು. ಒಳ್ಳೆಯ ಗಿಡದ ಗಂಟು ಕಾಳಿನ ಹಾಗೆ ಉದುರಿ ಅಂಗೈಗೆ ಬಂತು. ಹಳದಿ ಗಿಡದ ಗಂಟು ಎಷ್ಟು ತಿಕ್ಕಿದರೂ ಬಿಡಲಿಲ್ಲ. ಮುದುಕಿ ಜನರ ಕಡೆ ತಿರುಗಿ, "ಹುಳ ಖರೇ" ಎಂದಳು. "ಆ ಮೊಲ ನೋಡಿದ್ರಿಲ್ಲ? ಈ ಗಿಡ ಮೂಸೂ ನೋಡಲಿಲ್ಲ."

ಬುರಾನುದ್ದೀನ ಎದೆಯುಬ್ಬಿಸಿದ. ಕಲ್ಯಾಣಪ್ಪ ಮಾತ್ರ ಬದುವಿನ ಮೇಲೆ ಕುಸಿದು ಕೂತ. "ಹಂಗಾದ್ರ ನಮ್ಮ ಅಪ್ಪನ ಭೂಮಿ ಕೆಟ್ಟದ ಅಂದಂಗಾತು" ಎಂದ. ಅವನ ದನಿ ಕೇಳಿ ಬುರಾನುದ್ದೀನನೂ ಉಬ್ಬಿಸಿದ ಎದೆಯನ್ನು ಇಳಿಸಿದ.

ಚಂದ್ರಾಮಪ್ಪನಿಗೆ ಇಂಥ ಗಳಿಗೆ ಹಿಂದೆಂದೂ ಬಂದಿರಲಿಲ್ಲ. ಒಂದು ಕೈಯಲ್ಲಿ ಬೇರು, ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಬದುವಿನ ಮೇಲೆ ನಿಂತು ಭಾಷಣ ಶುರು ಮಾಡಿದ.

"ಕಲ್ಯಾಣಪ್ಪೋರ, ನಿಮ್ಮ ಭೂಮೀದು ಏನೂ ತಪ್ಪಿಲ್ಲ. ಮೊಲ, ಹುಳ ಎರಡನ್ನೂ ಬಾಜೂಕ ಬಾಜೂಕ ಇಟ್ಟು ನೋಡ್ರಿ. ಮೊಲ ಗಿಡದ ಮ್ಯಾಗಿಂದ ತಿಂತದ, ಕುಡಗೋಲಲೆ ಕೊಯ್ದಂಗ ಓರೆ ಕತ್ತರಿಸ್ತದ. ಹುಳ ತೆಳಗಿಂದ ಹೀರ್ತದ, ಮ್ಯಾಗ ಒಂದು ಎಲಿ ಹರಿಯಂಗಿಲ್ಲ. ಮೊಲ ಹೆದರ್ತದ, ತಾಟು ಬಡದ್ರ ಓಡ್ತದ. ಹುಳಕ್ಕ ಬ್ಯಾಂಡ್ ಬಾಜಾ ತಂದ್ರೂ ಕೇಳಂಗಿಲ್ಲ. ಮೊಲ ಒಂದೆರಡು ಮರಿ ಹಾಕ್ತದ, ಹುಳ ನೂರಾರು ತತ್ತಿ ಇಡ್ತದ. ಮುಖ್ಯ ಮಾತು ಕೇಳ್ರಿ. ಮೊಲಕ್ಕ ನಾಕು ಕಾಲು ಅದಾವ, ಈಗ ಇಲ್ಲಿತ್ತು, ಈಗ ಭೂಸನೂರ ಹಾದಿ ಹಿಡದದ. ಹುಳಕ್ಕ ಕಾಲು ಒಂದೂ ಇಲ್ಲ. ವರ್ಷಪೂರ್ತಿ ಹರದಾಡಿದ್ರೂ ಒಂದು ಮಾರು ದಾಟಂಗಿಲ್ಲ. ಅಂದಮ್ಯಾಲ ಇದು ಇಲ್ಲಿಗಿ ಹ್ಯಾಂಗ ಬಂತು? ಯಾವನೋ ಒಬ್ಬ ಮನುಷ್ಯಾ ಹೊರಗಿಂದ ಹೊತ್ತು ತಂದು ಹಾಕ್ಯಾನ! ನೀವಿಬ್ರು ಯಾಕ ಕಚ್ಚಾಡಾಕತ್ತೀರಿ? ಅವನನ್ನ ಹಿಡೀರಿ!"

"ಹೌದ್ ಹೌದು!" ಎಂದರು ಜನ.

"ಅವ ಸಿಕ್ರ ನಾ ಬಿಡಂಗಿಲ್ಲ" ಎಂದ ಕಲ್ಯಾಣಪ್ಪ.

"ನೀವು ಒಂದು ಕೈ ಹಿಡೀರಿ, ನಾ ಒಂದು ಕೈ ಹಿಡೀತೇನಿ" ಎಂದ ಬುರಾನುದ್ದೀನ.

ಒಂದು ತಿಂಗಳ ಮೇಲೆ ಇಬ್ಬರೂ ಆಡಿದ ಮೊದಲ ಒಳ್ಳೆಯ ಮಾತು ಅದು. ಯಾರೋ ಜಮಖಾನೆ ಎಳೆದು ಬದುವಿನ ಮೇಲೆ ಹಾಸಿದರು. ಗುರುಬಾಯಿ ಹೋಳಿಗೆಯ ಬುಟ್ಟಿ ಹಿಡಿದು ಆಚೆ ಹೋದಳು, ನಜಮುನ್ನಿಸಾ ತನ್ನ ಸೊಟ್ಟ ಹೋಳಿಗೆಗಳನ್ನು ಹಿಡಿದು ಈಚೆ ಬಂದಳು, ಬದುವಿನ ಮೇಲೆ ಇಬ್ಬರೂ ಎದುರಾಗಿ ಅಳುತ್ತ ನಗತೊಡಗಿದರು. ಚಂದ್ರಾಮಪ್ಪ ಬಿಸಿ ಆರುವ ಮುಂಚೆ ಕಾಗದ ತೆಗೆದು ತಕರಾರಿಲ್ಲವೆಂದು ಬರೆದ. ಕಲ್ಯಾಣಪ್ಪ ಕನ್ನಡದಲ್ಲಿ, ಬುರಾನುದ್ದೀನ ಉರ್ದುವಿನಲ್ಲಿ ಸಹಿ ಹಾಕಿದರು. ಚಂದ್ರಾಮಪ್ಪನಿಗೆ ಅಲ್ಲಿಂದಲೇ ಜೇವರ್ಗಿಯ ಸ್ಟೋವಿನ ಮೇಲೆ ಹಾಲು ಉಕ್ಕುವುದು ಕಂಡಿತು.

ಒಂದೂವರೆಗೆ ಜೀಪು ಬಂತು. ಮಹಾದೇವಪ್ಪನವರು ಕಾಗದ ಓದಿ, "ಭೇಷ್!" ಎಂದು ಬೆನ್ನು ತಟ್ಟಿ, ಕೈಗೆ ಹತ್ತಿದ ಅಂಬಲಿಯನ್ನು ಒರೆಸಿಕೊಂಡು, ಚೀಲದಿಂದ ಆದೇಶ ತೆಗೆದರು. ಪೆನ್ನಿನ ಮುಚ್ಚಳವನ್ನೂ ಬಿಚ್ಚಿದರು. ಆಗ ಜಮಖಾನೆಯ ಪಕ್ಕ ಬಿದ್ದಿದ್ದ ಬೇರು ಅವರ ಕಣ್ಣಿಗೆ ಬಿತ್ತು.

"ಗಂಟುಹುಳ!" ಎಂದು ಅವರು ಚಿಕ್ಕಂದಿನ ಗೆಳೆಯನನ್ನು ಕಂಡವರಂತೆ ಬೇರನ್ನು ಎತ್ತಿಕೊಂಡರು. ಧಾರವಾಡದಲ್ಲಿ ಓದುವಾಗ ಎರಡು ವರ್ಷ ಅವರು ಅಭ್ಯಾಸ ಮಾಡಿದ್ದು ಇದೇ ಹುಳವನ್ನು. ನೌಕರಿಗೆ ಸೇರಿದ ಮೇಲೆ ಹನ್ನೆರಡು ವರ್ಷ ಒಬ್ಬರೂ ಅವರನ್ನು ಅದರ ಬಗ್ಗೆ ಒಂದು ಮಾತು ಕೇಳಿರಲಿಲ್ಲ. "ಇಷ್ಟು ಸಣ್ಣ ಜಾಗ, ಒಂದೇ ವರ್ಷದ್ದು. ಎಲ್ಲಿಂದ ಬಂತು ಅಂತ ಬರೋಬ್ಬರಿ ಹೇಳಬಹುದು. ಹೋದ ವರ್ಷ ಈ ಜಾಗದಾಗ ಏನು ಮಾಡಿದ್ರಿ?"

"ಬಿತ್ತಿದ್ದೇ ಬಿತ್ತೀವ್ರಿ" ಎಂದ ಕಲ್ಯಾಣಪ್ಪ. "ಬ್ಯಾರೆ ಏನಿಲ್ಲ."

"ಹಂಗ್ಯಾಕಂತೀರಿ?" ಎಂದಳು ಗುರುಬಾಯಿ, ಬಡಿಸುವ ಸೌಟನ್ನು ಹಾಗೇ ಹಿಡಿದುಕೊಂಡು. "ಹೋದ ಅಮಾಸಿಗಿ ಇಲ್ಲೇ ಕುಂತು ಹಸಿ ಕಡಲಿ ತಿಂದಿಲ್ಲೇನು? ನಮ್ಮ ಈ ಗ್ರಾಮಸೇವಕ ಸಾಹೇಬ್ರು ಕಿಣ್ಣಿ ಸುಲ್ತಾನ ಊರಾಗ ತಾವೇ ಬೆಳಸಿದ ಹೊಲದ್ದು ಅಂತ ಒಂದು ಹೊರಿ ಗಿಡ ಬೇರು ಮಣ್ಣು ಸಮೇತ ಕಿತ್ತು ಸೈಕಲ್ ಮ್ಯಾಗ ಹೇರಿಕೊಂಡು ತಂದಿದ್ರು. ಎಷ್ಟು ಪ್ರೀತಿಲೆ ಸುಲಿದು ಸುಲಿದು ಕೊಟ್ರು! ತಿಂದು ಗಿಡ ಎಲ್ಲಾ ಇಲ್ಲೇ ಒಗದ್ವಿ. ಗೊಬ್ಬರ ಆಗ್ತದ, ಇರಲಿ ಬಿಡ್ರಿ ಅಂತ ಅವರೇ ಹೇಳಿದ್ರು."

ಚಂದ್ರಾಮಪ್ಪ ಆ ಹೊರೆಯನ್ನು ಪೂರ್ತಿ ಮರೆತಿದ್ದ. ಈಗ ನೆನಪಾದದ್ದೇ ಅವನು ಪ್ಯಾಂಟು ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಕಲ್ಯಾಣಪ್ಪ ಬುರಾನುದ್ದೀನನನ್ನು ನೋಡಿದ. ಬುರಾನುದ್ದೀನ ಕಲ್ಯಾಣಪ್ಪನನ್ನು ನೋಡಿದ. ಒಬ್ಬ ಬಲಗೈ ಹಿಡಿದ, ಒಬ್ಬ ಎಡಗೈ ಹಿಡಿದ. ಹೊಡೆಯುತ್ತಾರೆಂದು ಚಂದ್ರಾಮಪ್ಪ ಕಣ್ಣು ಮುಚ್ಚಿಕೊಂಡ. ಅವರು ಅವನನ್ನು ನಡುವೆ ಕೂರಿಸಿಕೊಂಡು ಬಿದ್ದು ಬಿದ್ದು ನಕ್ಕರು.

"ನಮ್ಮ ಮೊಲಕ್ಕ ಮಾಫಿ ಕೇಳ್ರಿ ಮೊದಲ!" ಎಂದ ಬುರಾನುದ್ದೀನ.

ಮಹಾದೇವಪ್ಪನವರು ನಗಲಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. "ಏನಪಾ ಚಂದ್ರಾಮಪ್ಪ, ಜೇವರ್ಗಿಗಿ ಹೋಗಿ ಅಲ್ಲೀ ಬದುವಿನ ಮ್ಯಾಲ ಕುಂತು ಇದೇ ಕೆಲಸ ಮಾಡಾಂವೇನು? ಈ ಜಾಗ ಅಗದು ಬ್ಯಾಸಗಿ ಬಿಸಿಲಿಗಿ ಒಣಗಿಸಬೇಕು. ಮೂರು ವರ್ಷ ಬರೇ ಜೋಳ ಹಾಕಬೇಕು. ತಿಂಗಳಾ ಬೇರು ನೋಡಿ ನನಗ ಬರದು ಕಳಸಬೇಕು. ನಾನು ಇದರ ಮ್ಯಾಲ ಒಂದು ಪ್ರಬಂಧ ಬರೀತೇನಿ. ಈ ಸೀಮಿಯೊಳಗ ಇದನ್ನ ಬಲ್ಲವ್ರು ನಾವಿಬ್ರೇ. ಆದ್ರ ವರ್ಗಾ ಬಂದವನ್ನ ನನ್ನಷ್ಟಕ್ಕ ನಾ ಹಿಡಿಯಾಕ ಬರಂಗಿಲ್ಲ. ಊರವ್ರು ಅರ್ಜಿ ಕೊಡಬೇಕಾಗ್ತದ."

"ಅದಕ್ಕೇನ್ರಿ, ಈಗೇ ಕೊಡ್ತೇವಿ" ಎಂದರು ಇಬ್ಬರೂ ಒಂದೇ ದನಿಯಲ್ಲಿ. "ಸಾಹೇಬ್ರ, ಬರೀರಿ. ನಿಮ್ಮ ಅಕ್ಷರ ದುಂಡಗ ಅದಾವ."

"ನನ್ನ ಹೇಣ್ತಿ..." ಎಂದ ಚಂದ್ರಾಮಪ್ಪ. ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು.

"ಅಯ್ಯ, ಬ್ಯಾಸಗಿ ಸೂಟಿಗಿ ಇಲ್ಲೇ ಬರ್ತಾಳ ಬಿಡ್ರಿ ಮಗಳು" ಎಂದು ಗುರುಬಾಯಿ ಸಮಾಧಾನ ಮಾಡಿದಳು. "ಹೋಳಿಗಿ ನಾ ಕಲಸ್ತೇನಿ."

ಬೇರೆ ಕಾಗದವಿರಲಿಲ್ಲ. ತಕರಾರಿಲ್ಲವೆಂದು ಬರೆದ ಕಾಗದದ ಹಿಂಬದಿಯಲ್ಲೇ ಚಂದ್ರಾಮಪ್ಪ ಬರೆದ: 'ಚಂದ್ರಾಮಪ್ಪ ಎಂಬ ಗ್ರಾಮಸೇವಕರನ್ನು ಮೂರು ವರ್ಷ ಯಾವ ಕಾರಣಕ್ಕೂ ಈ ಊರಿನಿಂದ ಬಿಡುಗಡೆ ಮಾಡಬಾರದಾಗಿ ವಿನಂತಿ.' ಕಲ್ಯಾಣಪ್ಪ ಕನ್ನಡದಲ್ಲಿ, ಬುರಾನುದ್ದೀನ ಉರ್ದುವಿನಲ್ಲಿ ಸಹಿ ಹಾಕಿ ಊಟಕ್ಕೆ ಕೂತರು. ಮಹಾದೇವಪ್ಪನವರು ಅರ್ಜಿಯನ್ನು ತಿರುಗಿಸಿ ನೋಡಿ, ಸಾಕ್ಷಿ ಬೇಕಲ್ಲ ಎಂದರು. ಅಷ್ಟು ಹೊತ್ತಿಗೆ ಎಲ್ಲರ ಕೈಯೂ ಭಜ್ಜಿಯಲ್ಲಿತ್ತು. ಹೊಟ್ಟೆಯಲ್ಲಿ ಜಾಗವಿಲ್ಲದೆ ಕೈ ಒಣಗಿಸಿಕೊಂಡು ಕೂತವನು ಚಂದ್ರಾಮಪ್ಪ ಒಬ್ಬನೇ. ಸಾಕ್ಷಿಯ ಜಾಗದಲ್ಲಿ ಅವನೇ ಸಹಿ ಹಾಕಿದ.